ಖಗ್ರಾಸ ಗ್ರಹಣದ ಕರೋನ: ಎಕ್ಸ್‌ಪೋಶರ್ ಎಷ್ಟು, ಫ್ರೇಮ್ ಜೋಡಿಸೋದು ಹೇಗೆ?

ಪ್ರಶ್ನೆ

2027ರ ಆಗಸ್ಟ್ 2ರ ಖಗ್ರಾಸ ಸೂರ್ಯಗ್ರಹಣಕ್ಕೆ ಈಜಿಪ್ಟಿನ ಲಕ್ಸರ್ ಕಡೆ ಹೋಗುವ ಯೋಚನೆ ಇದೆ. ಕೈಯಲ್ಲಿರುವುದು ಫುಲ್‌ಫ್ರೇಮ್ ಕ್ಯಾಮೆರಾ, 500 ಎಂಎಂ ಲೆನ್ಸ್, ಒಂದು ಸಣ್ಣ ಈಕ್ವಟೋರಿಯಲ್ ಮೌಂಟ್ (ಆಕಾಶದ ಚಲನೆಯ ಜೊತೆ ಕ್ಯಾಮೆರಾ ತಿರುಗಿಸುವ ಪೀಠ). ಚಂದ್ರನ ಅಂಚಿನಿಂದ ಹಿಡಿದು ದೂರದವರೆಗೂ ಕರೋನದ (ಖಗ್ರಾಸದಲ್ಲಿ ಸೂರ್ಯನ ಸುತ್ತ ಕಾಣುವ ಬಿಳಿ ಪ್ರಭಾವಲಯ) ಎಳೆಗಳು ಬಿಡಿಬಿಡಿಯಾಗಿ ಕಾಣುವ ಚಿತ್ರ ಬೇಕು. ಯಾವ ಎಕ್ಸ್‌ಪೋಶರ್ ಇಡಬೇಕು, ಎಷ್ಟು ಫ್ರೇಮ್ ತೆಗೆಯಬೇಕು, ಆಮೇಲೆ ಕಂಪ್ಯೂಟರಿನಲ್ಲಿ ಏನು ಮಾಡಬೇಕು? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ 1

ಒಂದೇ ಫ್ರೇಮಿನಲ್ಲಿ ಇಡೀ ಕರೋನ ಸಿಗುವುದಿಲ್ಲ, ಆ ಆಸೆ ಮೊದಲೇ ಬಿಡಿ. ಚಂದ್ರನ ಅಂಚಿಗೆ ಅಂಟಿಕೊಂಡಿರುವ ಒಳಭಾಗ ಹೊರಗಿನ ಎಳೆಗಳಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಪ್ರಕಾಶಮಾನ. ಏಣಿ ಹತ್ತಿದ ಹಾಗೆ ಒಂದೊಂದು ಸ್ಟಾಪ್ (ಪ್ರತಿ ಸಲ ಬೆಳಕು ಎರಡರಷ್ಟು) ಏರಿಸುತ್ತಾ ಹೋಗಬೇಕು.

ಐಎಸ್ಒ 100, ಎಫ್/8 ಇಟ್ಟರೆ ಅಂದಾಜು ಹೀಗೆ ಬರುತ್ತದೆ. ಬೇಲಿಯ ಮಣಿಗಳಿಗೆ (Baily's beads, ಚಂದ್ರನ ಅಂಚಿನ ತಗ್ಗುಗಳಿಂದ ಇಣುಕುವ ಬೆಳಕಿನ ಚುಕ್ಕೆಗಳು) 1/3200 ಸೆಕೆಂಡ್. ಸೂರ್ಯನ ಅಂಚಿನಿಂದ ಚಾಚುವ ಅನಿಲದ ನಾಲಗೆಗಳಾದ ಕೆಂಪು ಪ್ರಾಮಿನೆನ್ಸ್‌ಗಳಿಗೆ 1/800. ಸೂರ್ಯನ ಅಂಚಿನಿಂದ ತ್ರಿಜ್ಯದ ಹತ್ತನೇ ಒಂದು ಭಾಗದಷ್ಟು ಆಚೆಯ ಕರೋನಕ್ಕೆ 1/200, ಅರ್ಧ ತ್ರಿಜ್ಯ ಆಚೆಗೆ 1/13, ಒಂದು ತ್ರಿಜ್ಯಕ್ಕೆ 1/3, ನಾಲ್ಕು ತ್ರಿಜ್ಯಕ್ಕೆ ಸುಮಾರು 1.3 ಸೆಕೆಂಡ್. 1/1000ರಿಂದ 4 ಸೆಕೆಂಡಿನವರೆಗೆ ಒಂದೊಂದು ಸ್ಟಾಪಿನ 13 ಮೆಟ್ಟಿಲು ಹಾಕಿಕೊಂಡರೆ ಮಣಿಗಳನ್ನು ಬಿಟ್ಟು ಎಲ್ಲವೂ ಒಳಗೆ ಬಂದುಬಿಡುತ್ತದೆ. ಶಟರ್ ತೆರೆದಿರುವ ಒಟ್ಟು ಸಮಯ 8 ಸೆಕೆಂಡ್. ಕಾರ್ಡಿಗೆ ಬರೆಯುವ ಹೊತ್ತು ಸೇರಿದರೆ ಒಂದು ಸುತ್ತಿಗೆ 12ರಿಂದ 15 ಸೆಕೆಂಡ್ ಹಿಡಿಯಿರಿ. ಲಕ್ಸರಿನಲ್ಲಿ ಖಗ್ರಾಸ 6 ನಿಮಿಷ 20 ಸೆಕೆಂಡಿನ ಆಸುಪಾಸು. ಶುರು ಮತ್ತು ಕೊನೆಯ 20 ಸೆಕೆಂಡ್‌ಗಳನ್ನು ವಜ್ರದುಂಗುರಕ್ಕೆ, ಒಂದು ನಿಮಿಷವನ್ನು ಬರಿಗಣ್ಣಿಗೆ ಬಿಟ್ಟರೂ 15 ಸುತ್ತು ಆರಾಮವಾಗಿ ಸಿಗುತ್ತದೆ.

ಬಹಳ ಕ್ಯಾಮೆರಾಗಳ ಬ್ರ್ಯಾಕೆಟಿಂಗ್ (ಎಕ್ಸ್‌ಪೋಶರ್ ಬದಲಿಸುತ್ತಾ ತಾನಾಗಿ ಸಾಲಾಗಿ ತೆಗೆಯುವುದು) 9 ಫ್ರೇಮಿಗೆ ನಿಂತುಬಿಡುತ್ತದೆ. ಆಗ ಡಯಲ್ಲಿನಲ್ಲಿ ಸೆಟ್ಟಿಂಗ್ ಉಳಿಸಿಡುವ ಜಾಗವಾದ ಸಿ1ರಲ್ಲಿ 1/60 ನಡುವಿಟ್ಟು 9 ಫ್ರೇಮ್, ಸಿ2ರಲ್ಲಿ 1 ಸೆಕೆಂಡ್ ನಡುವಿಟ್ಟು 5 ಫ್ರೇಮ್ ಉಳಿಸಿಕೊಳ್ಳಿ. ಮೊದಲನೆಯದು 1/1000ರಿಂದ 1/4, ಎರಡನೆಯದು 1/4ರಿಂದ 4 ಸೆಕೆಂಡ್. ಡಯಲ್ ಒಂದು ಕ್ಲಿಕ್ ತಿರುಗಿಸಿದರೆ ಆಯಿತು, ಕತ್ತಲಲ್ಲಿ ಮೆನು ಹುಡುಕುವ ಪಾಡಿಲ್ಲ.

ರಾ ಫೈಲ್ (ಸೆನ್ಸರಿನ ಕಚ್ಚಾ ದತ್ತಾಂಶ) ಮಾತ್ರ. ಆಟೋ ಐಎಸ್ಒ, ಆಟೋ ವೈಟ್‌ಬ್ಯಾಲೆನ್ಸ್, ಸ್ಟೆಬಿಲೈಸೇಶನ್, ಆಟೋ ಪವರ್ ಆಫ್ ಎಲ್ಲವೂ ಬಂದ್. ಇವೆಲ್ಲ ನೆನಪಿದ್ದವರೂ ಮರೆಯುವುದು ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್. ಅದು ಆನ್ ಇದ್ದರೆ 4 ಸೆಕೆಂಡಿನ ಫ್ರೇಮ್ ಆದ ಮೇಲೆ ಕ್ಯಾಮೆರಾ ಇನ್ನೊಂದು 4 ಸೆಕೆಂಡ್ ಶಟರ್ ಮುಚ್ಚಿಕೊಂಡು ಕೂರುತ್ತದೆ, ನೀವು ಬಟನ್ ಒತ್ತುತ್ತಲೇ ಇರುತ್ತೀರಿ.

ಉತ್ತರ 2

ಮೇಲಿನ ಅಂಕಿಗಳಿಗೆ ನನ್ನ ತಕರಾರಿಲ್ಲ, ಆದರೆ ಐಎಸ್ಒ 100ಕ್ಕೇ ಜೋತುಬೀಳಬೇಕಿಲ್ಲ. 200 ಅಥವಾ 400 ಇಟ್ಟು ಎಲ್ಲ ಎಕ್ಸ್‌ಪೋಶರನ್ನೂ ಒಂದೆರಡು ಸ್ಟಾಪ್ ಇಳಿಸಿದರೆ ಸುತ್ತು ಬೇಗ ಮುಗಿಯುತ್ತದೆ, ಗಾಳಿ ಮತ್ತು ಟ್ರ್ಯಾಕಿಂಗ್ ತಪ್ಪುಗಳ ಕಾಟವೂ ಕಡಿಮೆ. ನಾಯ್ಸ್ ಹೇಗೂ 15 ಸುತ್ತುಗಳ ಸರಾಸರಿಯಲ್ಲಿ ಇಳಿಯುತ್ತದೆ.

500 ಎಂಎಂ ಒಳ್ಳೆಯ ಆಯ್ಕೆ. ಸೆನ್ಸರ್ ಮೇಲೆ ಸೂರ್ಯಬಿಂಬದ ಅಗಲ ಫೋಕಲ್ ಲೆಂತಿನ ಸುಮಾರು 109ನೇ ಒಂದು ಭಾಗ, ಅಂದರೆ 4.6 ಎಂಎಂ. 24 ಎಂಎಂ ಎತ್ತರದ ಸೆನ್ಸರಿನಲ್ಲಿ ಐದು ಬಿಂಬ ಹಿಡಿಯುತ್ತದೆ, ಎಳೆಗಳಿಗೆ ಜಾಗ ಉಂಟು. 1000 ಎಂಎಂ ಹಾಕಿದರೆ ಪ್ರಾಮಿನೆನ್ಸ್ ಚೆನ್ನಾಗಿ ಬಂದು ಕರೋನ ಕತ್ತರಿಸಿಹೋಗುತ್ತದೆ.

ಈಗ ಮೌಂಟ್ ವಿಚಾರ. ಲಕ್ಸರಿನಲ್ಲಿ ಆ ಹೊತ್ತಿಗೆ ಸೂರ್ಯ ಸುಮಾರು 82 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಮ್ಮಿ ನೆತ್ತಿಯ ಮೇಲೆ. ಲೆನ್ಸ್ ನೇರ ಮೇಲೆ ನೋಡುವಾಗ ಕ್ಯಾಮೆರಾದ ಹಿಂಭಾಗ ಟ್ರೈಪಾಡ್ ಕಾಲಿಗೆ ತಾಗುತ್ತದೆಯೇ ಅಂತ ಮನೆಯಲ್ಲೇ ನೋಡಿ. ಅದಕ್ಕಿಂತ ದೊಡ್ಡ ಗಂಡಾಂತರ ಇನ್ನೊಂದಿದೆ: ಖಗ್ರಾಸ ಶುರುವಾಗುವ ಕೆಲವೇ ನಿಮಿಷ ಮೊದಲು ಸೂರ್ಯ ಅಲ್ಲಿ ಮಧ್ಯಾಹ್ನರೇಖೆ (ಆಕಾಶದಲ್ಲಿ ಉತ್ತರದಿಂದ ದಕ್ಷಿಣಕ್ಕೆ ನೆತ್ತಿಯ ಮೂಲಕ ಹಾಯುವ ಗೆರೆ) ದಾಟುತ್ತಾನೆ. ತಾನೇ ಗುರಿಗೆ ತಿರುಗುವ ಗೋಟು ಮೌಂಟಿನಲ್ಲಿ ಆಟೋ ಮೆರಿಡಿಯನ್ ಫ್ಲಿಪ್ ಆನ್ ಇದ್ದರೆ ಸರಿಯಾಗಿ ಆಗಲೇ ಅದು ಮಗುಚಿಕೊಂಡು ಆಚೆ ತಿರುಗುತ್ತದೆ. ಫ್ಲಿಪ್ ಆಫ್ ಮಾಡಿ, ರೇಖೆ ದಾಟಿದ ಮೇಲೂ ಮೌಂಟ್ ನಿಲ್ಲದೆ ಓಡುತ್ತದೆಯೇ ಅಂತ ಹಿಂದಿನ ದಿನದ ಮಧ್ಯಾಹ್ನವೇ ಪರೀಕ್ಷಿಸಿ.

ಧ್ರುವದ ಜೋಡಣೆ (ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿಯಿಡುವುದು) ಹಿಂದಿನ ರಾತ್ರಿ ಮಾಡಿ ಟ್ರೈಪಾಡ್ ಅಲ್ಲಾಡಿಸದೆ ಬಿಡಿ. ಅರ್ಧ ಡಿಗ್ರಿ ತಪ್ಪಿದ್ದರೂ 4 ಸೆಕೆಂಡಿಗೆ ಅರ್ಧ ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ) ಜಾರುತ್ತದೆ ಅಷ್ಟೇ, ತಲೆಕೆಡಿಸಿಕೊಳ್ಳಬೇಡಿ. ವೇಗ ಮಾತ್ರ ನಕ್ಷತ್ರದ್ದಲ್ಲ, ಸೂರ್ಯನದ್ದು ಇರಲಿ.

ಫೋಕಸ್: ರಾತ್ರಿ ನಕ್ಷತ್ರದ ಮೇಲೆ ಕೂರಿಸಿ. ಹಗಲಿನಲ್ಲಿ ಫಿಲ್ಟರ್ ಹಾಕಿ ಸೂರ್ಯಕಲೆಯ ಅಂಚು ನೋಡಿ ಮತ್ತೆ ಸರಿಮಾಡಿ. ಬಿಸಿಲಿಗೆ ಲೆನ್ಸ್ ಕಾದಂತೆ ಫೋಕಸ್ ಸರಿಯುತ್ತದೆ, ಹಾಗಾಗಿ ಖಗ್ರಾಸಕ್ಕೆ 10 ನಿಮಿಷ ಇರುವಾಗ ಕೊನೆಯ ಸಲ ನೋಡಿ ರಿಂಗಿಗೆ ಪೇಪರ್ ಟೇಪ್ ಸುತ್ತಿ. ಸೌರ ಫಿಲ್ಟರ್ ಬಿಗಿಯಾಗಿದ್ದರೆ ಕೀಳುವಾಗ ರಿಂಗ್ ತಿರುಗಿಹೋಗುತ್ತದೆ. ಗಾಳಿಗೆ ಹಾರದಷ್ಟು ಬಿಗಿ, ಎರಡು ಬೆರಳಿಗೆ ಬರುವಷ್ಟು ಸಡಿಲ, ಆ ಹದಕ್ಕೆ ಒಳಗೆ ಸ್ಪಂಜಿನ ಪಟ್ಟಿ ಅಂಟಿಸಿಕೊಳ್ಳಿ. ಖಗ್ರಾಸಕ್ಕೆ 15–20 ಸೆಕೆಂಡ್ ಇರುವಾಗ ತೆಗೆಯಿರಿ, ಮುಗಿದು ವಜ್ರದುಂಗುರ ಕಂಡ ಕೂಡಲೇ ಹಾಕಿ. ಆ 15–20 ಸೆಕೆಂಡಿನಲ್ಲಿ ಸ್ಕ್ರೀನ್ ಮಾತ್ರ ನೋಡಬೇಕು. ಆಪ್ಟಿಕಲ್ ವ್ಯೂಫೈಂಡರಿಗೆ ಕಣ್ಣಿಟ್ಟರೆ ಕಣ್ಣೇ ಹೋದೀತು.

ಕನ್ನಡಿ ಇರುವ ಕ್ಯಾಮೆರಾ ಆದರೆ 1/60ರಿಂದ 1/4ರ ಫ್ರೇಮುಗಳೇ ಹೆಚ್ಚು ಅದುರುವುದು. ಲೈವ್‌ವ್ಯೂನಲ್ಲಿಟ್ಟು ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ ಬಳಸಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಆಮೇಲೆ ಫ್ರೇಮುಗಳನ್ನು ಒಂದರ ಮೇಲೊಂದು ಕೂರಿಸುವಾಗ ಚಂದ್ರನ ದುಂಡನೆಯ ಅಂಚನ್ನೇ ಗುರುತಾಗಿ ಇಟ್ಟುಕೊಂಡರೆ ಸುಲಭ ಅಲ್ಲವೇ? ಅಷ್ಟು ಸ್ಪಷ್ಟವಾದ ಗೆರೆ ಇನ್ಯಾವುದಿದೆ?

ಉತ್ತರ 3

ಸುಲಭ ಹೌದು, ಚಿತ್ರ ಕೆಡುವುದೂ ಅಲ್ಲೇ. ಖಗ್ರಾಸದುದ್ದಕ್ಕೂ ಚಂದ್ರ ಸೂರ್ಯನ ಮುಂದೆ ಸರಿಯುತ್ತಲೇ ಇರುತ್ತಾನೆ, ಸೆಕೆಂಡಿಗೆ ಸುಮಾರು 0.4 ಆರ್ಕ್‌ಸೆಕೆಂಡ್. ನಿಮ್ಮ 500 ಎಂಎಂ ಲೆನ್ಸ್, 4 ಮೈಕ್ರಾನ್ ಪಿಕ್ಸೆಲ್ ಅಂದುಕೊಂಡರೆ ಒಂದು ಪಿಕ್ಸೆಲ್‌ಗೆ 1.65 ಆರ್ಕ್‌ಸೆಕೆಂಡ್. ಆರು ನಿಮಿಷ ಚಿಲ್ಲರೆಯಲ್ಲಿ ಚಂದ್ರ 90 ಪಿಕ್ಸೆಲ್ ಹತ್ತಿರ ಸರಿದಿರುತ್ತಾನೆ. ಅವನ ಅಂಚಿಗೆ ಎಲ್ಲ ಫ್ರೇಮನ್ನೂ ಕಟ್ಟಿದರೆ ಅಂಚು ಬ್ಲೇಡಿನಂತೆ ಚೂಪಾಗಿ, ಕರೋನದ ಸಣ್ಣ ಎಳೆಗಳೆಲ್ಲ ಕಲಸಿದ ಹಿಟ್ಟಾಗುತ್ತವೆ. ಕಟ್ಟಬೇಕಾದದ್ದು ಕರೋನಕ್ಕೆ.

ಹಾಗಾದರೆ ನಕ್ಷತ್ರ? ಈ ಗ್ರಹಣದಲ್ಲಿ ಒಂದು ಅನುಕೂಲ ಇದೆ. ಕರ್ಕಾಟಕದ ಡೆಲ್ಟಾ, ಅಂದರೆ ನಮ್ಮ ಪುಷ್ಯ ನಕ್ಷತ್ರದ ಯೋಗತಾರೆ, ಸೂರ್ಯನಿಂದ ಒಂದು ಡಿಗ್ರಿಯೊಳಗೇ ಇರುತ್ತದೆ. 1ರಿಂದ 4 ಸೆಕೆಂಡಿನ ಫ್ರೇಮುಗಳಲ್ಲಿ ಚುಕ್ಕೆಯಾಗಿ ಬೀಳಬೇಕು. ಆದರೆ ಸೂರ್ಯನೂ ನಕ್ಷತ್ರಗಳ ನಡುವೆ ನಿಂತಿಲ್ಲ: ಆರು ನಿಮಿಷಕ್ಕೆ 15 ಆರ್ಕ್‌ಸೆಕೆಂಡ್, ನಿಮ್ಮ ಲೆಕ್ಕದಲ್ಲಿ 9 ಪಿಕ್ಸೆಲ್. ಒಂದೇ ಸುತ್ತಿನೊಳಗಿನ ಫ್ರೇಮುಗಳಿಗೆ ನಕ್ಷತ್ರ ಸಾಕು. ಮೊದಲ ಸುತ್ತನ್ನೂ ಕೊನೆಯ ಸುತ್ತನ್ನೂ ಸೇರಿಸುವಾಗ ಆ 9 ಪಿಕ್ಸೆಲ್ ಕಳೆಯಲೇಬೇಕು.

ಪಳಗಿದವರು ಬಳಸುವುದು ಫೇಸ್ ಕೋರಿಲೇಶನ್. ಎರಡು ಚಿತ್ರಗಳ ಫೂರಿಯರ್ ರೂಪ ಹೋಲಿಸಿ ಎಷ್ಟು ಸರಿದಿದೆ ಅಂತ ಪಿಕ್ಸೆಲ್ಲಿನ ಭಾಗದವರೆಗೆ ಹೇಳುತ್ತದೆ. ಚೆಕ್ ದೇಶದ ಬ್ರನೋ ತಾಂತ್ರಿಕ ವಿಶ್ವವಿದ್ಯಾಲಯದ ಗಣಿತಜ್ಞ ಮಿಲೋಸ್ಲಾವ್ ಡ್ರುಕ್‌ಮ್ಯುಲರ್ ಅವರ ಹೆಸರುವಾಸಿ ಕರೋನ ಚಿತ್ರಗಳ ಬೆನ್ನೆಲುಬು ಇದೇ. ಇದನ್ನು ಓಡಿಸುವ ಮೊದಲು ಚಂದ್ರಬಿಂಬಕ್ಕೂ ಅದರ ಸುತ್ತ ಹತ್ತಾರು ಪಿಕ್ಸೆಲ್ಲಿಗೂ ಮಾಸ್ಕ್ ಹಾಕಿ. ಇಲ್ಲದಿದ್ದರೆ ಆ ಗಟ್ಟಿ ಅಂಚೇ ಗೆದ್ದು ಮತ್ತೆ ಚಂದ್ರನಿಗೇ ಕಟ್ಟಿಕೊಳ್ಳುತ್ತದೆ. ಪಕ್ಕಪಕ್ಕದ ಎಕ್ಸ್‌ಪೋಶರುಗಳನ್ನು ಜೋಡಿ ಜೋಡಿಯಾಗಿ ಕೂರಿಸುತ್ತಾ ಹೋಗಿ. 1/1000ಕ್ಕೂ 4 ಸೆಕೆಂಡಿಗೂ ನೇರ ಹೋಲಿಕೆ ಕೂರುವುದಿಲ್ಲ, ಎರಡರಲ್ಲೂ ಸಮಾನವಾಗಿ ಕಾಣುವ ಭಾಗವೇ ಇಲ್ಲ.

ಉತ್ತರ 4

ಜೋಡಿಸುವ ಮುಂಚಿನ ಕೆಲಸ ಯಾರೂ ಹೇಳಲಿಲ್ಲ. ಫ್ಲಾಟ್ ಫ್ರೇಮ್ (ಧೂಳಿನ ಕಲೆ ಕಳೆಯಲು ಬಳಸುವ ಸಮಬೆಳಕಿನ ಚಿತ್ರ) ತೆಗೆದಿರಲೇಬೇಕು. ಗ್ರಹಣ ಮುಗಿದ ಮೇಲೆ ಫೋಕಸ್ ಮುಟ್ಟದೆ, ಅದೇ ಎಫ್/8ರಲ್ಲಿ, ಲೆನ್ಸಿನ ಮುಂದೆ ಬೆಳಕಿನ ಬಿಳಿ ಫಲಕ ಹಿಡಿದು 30–40 ಫ್ರೇಮ್. ಮಾಮೂಲಿ ಫೋಟೋದಲ್ಲಿ ಸೆನ್ಸರಿನ ಒಂದು ಧೂಳಿನ ಕಣ ಕಾಣಿಸುವುದೇ ಇಲ್ಲ. ಕರೋನದ ಕಾಂಟ್ರಾಸ್ಟ್ ಎಳೆದಾಗ ಅದೇ ಕಣ ಕಪ್ಪು ಬಳೆಯಾಗಿ ಎದ್ದು ನಿಲ್ಲುತ್ತದೆ. ಸೆನ್ಸರಿನ ನಾಯ್ಸ್ ಕಳೆಯಲು ಬಳಸುವ ಡಾರ್ಕ್ ಫ್ರೇಮನ್ನೂ ಅದೇ ಬಿಸಿಲಿನಲ್ಲಿ ಮುಚ್ಚಳ ಹಾಕಿ ತೆಗೆಯಿರಿ. ಆರಿದ ಕೋಣೆಯಲ್ಲಿ ತೆಗೆದದ್ದು ಕಾದ ಸೆನ್ಸರಿಗೆ ಹೊಂದದು.

ರಾ ಫೈಲನ್ನು ಲೀನಿಯರ್ ಆಗಿ ಬಿಚ್ಚಿ. ಕರ್ವ್, ಶಾರ್ಪನ್, ನಾಯ್ಸ್ ರಿಡಕ್ಷನ್ ಒಂದೂ ಬೇಡ. ಪ್ರತಿ ಫ್ರೇಮಿನ ಮೌಲ್ಯವನ್ನು ಎಕ್ಸ್‌ಪೋಶರ್ ಸಮಯದಿಂದ ಭಾಗಿಸಿ ಸರಾಸರಿ ಮಾಡಿದರೆ ಅದೇ, ಬೆಳಕು ಕತ್ತಲೆ ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯುವ ಎಚ್‌ಡಿಆರ್. ಸೆನ್ಸರ್ ತುಂಬುವ ಮಟ್ಟದ 80–85 ಶೇಕಡಾ ದಾಟಿದ ಪಿಕ್ಸೆಲ್ ಲೆಕ್ಕಕ್ಕೆ ಬೇಡ, ತೀರಾ ಕತ್ತಲೆಯವೂ ಬೇಡ. ಇಲ್ಲೊಂದು ಸಣ್ಣ ಬಲೆ: ಕ್ಯಾಮೆರಾ ತೋರಿಸುವ 1/15, 1/30, 1/60 ನಿಜದಲ್ಲಿ 1/16, 1/32, 1/64. ತೋರಿಸಿದ ಅಂಕಿಯಿಂದಲೇ ಭಾಗಿಸಿದರೆ ಎರಡು ಎಕ್ಸ್‌ಪೋಶರ್ ಕೂಡುವಲ್ಲಿ ಸೂರ್ಯನ ಸುತ್ತ ಮಾಸಲು ಉಂಗುರ ಬೀಳುತ್ತದೆ. ಅದನ್ನು ಕರೋನದ ಪದರ ಅಂತ ನಂಬಿದವರೂ ಇದ್ದಾರೆ.

ಎಳೆ ಎದ್ದು ಕಾಣಿಸಲು ಅತಿ ಸರಳ ದಾರಿ ಫೋಟೋಶಾಪಿನ ರೇಡಿಯಲ್ ಬ್ಲರ್. ಚಿತ್ರವನ್ನು ಚೌಕವಾಗಿ, ಸೂರ್ಯನ ಕೇಂದ್ರ ಸರಿಯಾಗಿ ನಡುವೆ ಬರುವಂತೆ ಕತ್ತರಿಸಿ. ಲೇಯರ್ ನಕಲು ಮಾಡಿ ರೇಡಿಯಲ್ ಬ್ಲರ್, ಸ್ಪಿನ್, 10. ಅಪ್ಲೈ ಇಮೇಜ್‌ನಲ್ಲಿ ಮೂಲದಿಂದ ಇದನ್ನು ಸಬ್‌ಟ್ರ್ಯಾಕ್ಟ್ ಮಾಡಿ, ಸ್ಕೇಲ್ 2, ಆಫ್‌ಸೆಟ್ 128. ಉಳಿಯುವ ಬೂದು ಲೇಯರನ್ನು ಸಾಫ್ಟ್ ಲೈಟಿನಲ್ಲಿ ಮೂಲದ ಮೇಲೆ ಹಾಕಿ. ಕೆಲಸ ಮಾಡುವ ಬಗೆ ಇಷ್ಟೇ: ಕೇಂದ್ರದಿಂದ ಒಂದೇ ದೂರದಲ್ಲಿರುವ ಪಿಕ್ಸೆಲ್‌ಗಳ ಸರಾಸರಿ ಕಳೆದಾಗ ಹೊರಗೆ ಹೋದಂತೆ ಮಂಕಾಗುವ ಇಳಿಜಾರು ಮಾಯವಾಗಿ, ಅಕ್ಕಪಕ್ಕದ ವ್ಯತ್ಯಾಸ ಮಾತ್ರ ನಿಲ್ಲುತ್ತದೆ. 4, 10, 20 ಹೀಗೆ ಮೂರು ಅಳತೆಯಲ್ಲಿ ಮಾಡಿ ಸ್ವಲ್ಪಸ್ವಲ್ಪ ಬೆರೆಸಿದರೆ ಒಂದರಲ್ಲೇ ಜೋರಾಗಿ ಎಳೆದದ್ದಕ್ಕಿಂತ ಚೆನ್ನ. ಪಿಕ್ಸ್‌ಇನ್‌ಸೈಟ್ ಇದ್ದರೆ ಅದರ ಲಾರ್ಸನ್–ಸೆಕಾನಿನಾ ಫಿಲ್ಟರ್ ಇದರ ಅಣ್ಣ.

ಕೇಂದ್ರ ಅಂದರೆ ಸೂರ್ಯನದ್ದು, ಚಂದ್ರನದ್ದಲ್ಲ. ಗ್ರಹಣದ ಮಧ್ಯರೇಖೆಯ ಹತ್ತಿರ ನಿಂತಿದ್ದರೆ ಖಗ್ರಾಸದ ನಟ್ಟನಡುವಿನ ಫ್ರೇಮಿನಲ್ಲಿ ಎರಡೂ ಬಹುಪಾಲು ಒಂದೇ. ಆ ಫ್ರೇಮಿನಿಂದ ಗುರುತು ಮಾಡಿಕೊಳ್ಳಿ.

ಉತ್ತರ 5

ಬಣ್ಣದ ಬಗ್ಗೆ ಒಂದು ಮಾತು. ಒಳ ಕರೋನ ಹೊಳೆಯುವುದು ಎಲೆಕ್ಟ್ರಾನುಗಳು ಚದುರಿಸಿದ ಸೂರ್ಯನ ಬೆಳಕಿನಿಂದ, ಹಾಗಾಗಿ ಅದು ಬಿಳಿ. ವೈಟ್‌ಬ್ಯಾಲೆನ್ಸನ್ನು ಅದಕ್ಕೇ ಕೂರಿಸಿ. ನೀಲಿ ಬಳಿಯುವುದು ಚಂದವಿರಬಹುದು, ನಿಜವಲ್ಲ. ಪ್ರಾಮಿನೆನ್ಸ್‌ಗಳ ಗುಲಾಬಿ ಹೈಡ್ರೋಜನ್ನಿನದು, ಅದು 1/500ಕ್ಕಿಂತ ಚಿಕ್ಕ ಎಕ್ಸ್‌ಪೋಶರುಗಳಲ್ಲಷ್ಟೇ ಉಳಿಯುತ್ತದೆ. ಉದ್ದದ ಫ್ರೇಮಿನಲ್ಲಿ ಬೆಳ್ಳಗಾದದ್ದನ್ನು ವಾಪಸ್ ತರಲಾಗದು.

ಚಂದ್ರನ ಮೇಲಿನ ಕಲೆಗಳು ಬೇಕಿದ್ದರೆ 2 ಮತ್ತು 4 ಸೆಕೆಂಡಿನ ಫ್ರೇಮುಗಳನ್ನು ಬೇರೆಯಾಗಿ ಚಂದ್ರನಿಗೇ ಕಟ್ಟಿ ಸರಾಸರಿ ಮಾಡಿ, ಕೊನೆಗೆ ನಡುವಿನ ಫ್ರೇಮಿನ ಜಾಗದಲ್ಲಿ ಕೂರಿಸಿ. ಅಂಚು ಎರಡು ಮೂರು ಪಿಕ್ಸೆಲ್ ಮೃದುವಾಗಿರಲಿ. ಕಪ್ಪು ವೃತ್ತ ಕತ್ತರಿಸಿ ಅಂಟಿಸಿದರೆ ಕೆಳಗಿನ ಪ್ರಾಮಿನೆನ್ಸ್ ಅರ್ಧ ಮುಚ್ಚಿಹೋಗುತ್ತದೆ.

ಎಷ್ಟು ಎಳೆದರೆ ಅತಿಯಾಯಿತು ಅಂತ ತಿಳಿಯಲು ಸುತ್ತುಗಳನ್ನು ಸರಿ ಮತ್ತು ಬೆಸ ಅಂತ ಎರಡು ಗುಂಪು ಮಾಡಿ, ಎರಡನ್ನೂ ಒಂದೇ ಅಳತೆಯಲ್ಲಿ ಪ್ರತ್ಯೇಕ ಸಂಸ್ಕರಿಸಿ ಪಕ್ಕಪಕ್ಕ ಇಡಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಎಳೆ ನಾಯ್ಸ್. ಅದು ಮಾಯವಾಗುವವರೆಗೆ ಸ್ಲೈಡರ್ ಹಿಂದಕ್ಕೆ ತನ್ನಿ.