ಹನನ್ಯ ಹೇಳಿದ ‘ಇನ್ನೆರಡು ವರ್ಷ’

ಮಗಳು ಒಂದನೇ ಕ್ಲಾಸಿಗೆ ಹೋಗುತ್ತಾಳೆ, ಇನ್ನೆರಡು ವರ್ಷದಲ್ಲಿ ಊರಿಗೆ ವಾಪಸ್ ಹೋಗುವ ಯೋಚನೆ ಇದೆ, ಈಗ ಇಲ್ಲಿ ಅಮೆರಿಕದಲ್ಲಿ ಮನೆ ತಗೋಬೇಕಾ ಬೇಡ್ವಾ ಅಂತ ಬ್ರದರ್ ಒಬ್ಬರು ನಮ್ಮ ಚರ್ಚಿನ ಗುಂಪಿನಲ್ಲಿ ಕೇಳಿದ್ದರು. ಬಡ್ಡಿ, ಕಂತಿನ ಲೆಕ್ಕವನ್ನು ಬೇರೆಯವರು ಚೆನ್ನಾಗಿಯೇ ಹೇಳಿದ್ದಾರೆ. ನನ್ನ ಕಣ್ಣು ನೆಟ್ಟಿದ್ದು ಆ ‘ಇನ್ನೆರಡು ವರ್ಷ’ದ ಮೇಲೆ. ಅಮೆರಿಕಕ್ಕೆ ಬಂದ ನಮ್ಮಲ್ಲಿ ಇದನ್ನು ಹೇಳದವರು ಯಾರಿದ್ದಾರೆ? ಬೈಬಲ್ಲಿನಲ್ಲೂ ಒಬ್ಬ ಸರಿಯಾಗಿ ಇದನ್ನೇ ಹೇಳಿದ್ದಾನೆ.

ಪ್ರವಾದಿ ಯೆರೆಮೀಯನ ಪುಸ್ತಕದ 28ನೇ ಅಧ್ಯಾಯ ತೆಗೆದು ನೋಡಿ. ಕ್ರಿ.ಪೂ. 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ರಾಜ ನೆಬೂಕದ್ನೆಚ್ಚರನು ಯೆರೂಸಲೇಮಿನ ರಾಜನನ್ನೂ ಕಮ್ಮಾರರನ್ನೂ ಕೈಕೆಲಸದವರನ್ನೂ ಸೆರೆಹಿಡಿದು ತನ್ನ ದೇಶಕ್ಕೆ ಸಾಗಿಸಿದ್ದ. ಆಗಿನ ಕಾಲದ ಸ್ಕಿಲ್ಡ್ ವರ್ಕರ್‌ಗಳು ಅನ್ನಿ. ಇತ್ತ ಯೆರೂಸಲೇಮಿನ ದೇವಾಲಯದಲ್ಲಿ ಹನನ್ಯ ಎಂಬ ಪ್ರವಾದಿ ಎಲ್ಲರ ಮುಂದೆ ನಿಂತು, ಎರಡು ವರ್ಷದೊಳಗೆ ಸೆರೆ ಹೋದವರೆಲ್ಲ ವಾಪಸ್ ಬರುತ್ತಾರೆ ಅಂದ. ಯೆರೆಮೀಯ ಮೊದಲು ‘ಆಮೆನ್, ಹಾಗೇ ಆಗಲಿ’ ಅಂತಲೇ ಹೇಳಿದ. ಅವನಿಗೂ ಆಸೆ ಇರಲಿಲ್ಲವೇ! ಆದರೆ ಬಾಬೆಲಿನಲ್ಲಿ ಇದ್ದವರಿಗೆ ಅವನು ಬರೆದ ಕಾಗದವೇ ಬೇರೆ. ಅದು 29ನೇ ಅಧ್ಯಾಯದಲ್ಲಿದೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಹಣ್ಣು ತಿನ್ನಿ, ಮಕ್ಕಳ ಮದುವೆ ಮಾಡಿ, ನೀವಿರುವ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿ. ಲೆಕ್ಕ 70 ವರ್ಷದ್ದು, ಎರಡರದ್ದಲ್ಲ. ಹನನ್ಯ ಆ ವರ್ಷವೇ ತೀರಿಹೋದ.

ನಾವು ‘ಇನ್ನೆರಡು ವರ್ಷ’ ಅಂದಾಗ ಅದನ್ನು ಜಾಸ್ತಿ ಕೇಳಿಸಿಕೊಳ್ಳುವವರು ಮಕ್ಕಳು. ಪಿಯಾನೋ ಬೇಡ, ಸಾಗಿಸೋದು ಯಾರು. ನಾಯಿಮರಿ ಬೇಡ. ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ, ಹೇಗೂ ಹೋಗುವವರು ತಾನೇ. ಎರಡು ವರ್ಷ ಆರಾಗುತ್ತದೆ, ಹತ್ತಾಗುತ್ತದೆ. ಅಷ್ಟೂ ದಿನ ಆ ಮಗು ಇಲ್ಲಿಯದೂ ಅಲ್ಲ, ಅಲ್ಲಿಯದೂ ಅಲ್ಲ.

ಗ್ರೀನ್ ಕಾರ್ಡ್, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿ, ಕೈಯಲ್ಲಿದ್ದವರಿಗೆ ಈ ಮಾತು ಸುಲಭ, ಒಪ್ಪುತ್ತೇನೆ. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವರಿಗೆ ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ. ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶದವರಿಗೆ ಶೇಕಡಾ 7 ಅನ್ನುವ ಮಿತಿಯಿಂದ ನಮ್ಮವರ ಸಾಲು ಹನುಮಂತನ ಬಾಲ. ಅಷ್ಟರಲ್ಲಿ ಮಕ್ಕಳಿಗೆ 21 ತುಂಬಿದರೆ ಅವರ ಎಚ್-4 (ಕುಟುಂಬದವರ ವೀಸಾ) ಹೋಯಿತು. ಹಾಗಾಗಿ ಯೆರೆಮೀಯ ಹೇಳಿದ ಅಂತ ಸಾಲಕ್ಕೆ ಸಹಿ ಹಾಕಿ ಅಂತ ನಾನು ಹೇಳುತ್ತಿಲ್ಲ. ಆದರೂ ಆ ಕಾಗದ ಓದಿದವರು ಸೆರೆಯಾಳುಗಳು, ಅವರಿಗೆ ಯಾವ ಭರವಸೆಯ ಪತ್ರ ಇತ್ತು? ಬಾಡಿಗೆ ಮನೆಯಲ್ಲೇ ಇದ್ದು ಲೈಬ್ರರಿಯಲ್ಲಿ ಒಂದು ಗಂಟೆ ಕೆಲಸ ಮಾಡಬಹುದು, ಶಾಲೆಯ ಪೋಷಕರ ಸಭೆಗೆ ಹೋಗಬಹುದು, ಬಡವರಿಗೆ ದಿನಸಿ ಹಂಚುವ ಕಡೆ ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ನಮ್ಮ ಲೋಕ ಆಫೀಸು, ಚರ್ಚು, ಕನ್ನಡ ಕೂಟ ಇಷ್ಟಕ್ಕೇ ನಿಂತುಬಿಟ್ಟರೆ ಪಟ್ಟಣದ ಒಳಿತು ಎಲ್ಲಿ ಬಂತು?

ಭಾಷೆ ಹೋಗಿಬಿಡುತ್ತದೆ ಅನ್ನುವ ಭಯಕ್ಕೂ ಬೈಬಲ್ಲಿನಲ್ಲಿ ಜಾಗ ಇದೆ. ಸೆರೆಯಿಂದ ಯೆರೂಸಲೇಮಿಗೆ ವಾಪಸ್ ಬಂದವರ ಕಾಲದ ಕಥೆ ನೆಹೆಮೀಯ 13ರಲ್ಲಿದೆ. ಅಲ್ಲಿ ಅರ್ಧ ಮಕ್ಕಳು ಅಷ್ಡೋದ್ ಅನ್ನುವ ಪರಊರಿನ ಭಾಷೆ ಆಡುತ್ತಿದ್ದರು, ಯೆಹೂದ್ಯರ ಭಾಷೆ ಬರುತ್ತಿರಲಿಲ್ಲ. ಅಲ್ಲಿನ ಅಧಿಪತಿ ನೆಹೆಮೀಯ ಅಪ್ಪಂದಿರನ್ನು ಬೈದ, ಕೆಲವರಿಗೆ ಹೊಡೆದ, ಕೂದಲನ್ನೂ ಕಿತ್ತ. (ನಮ್ಮ ಸಂಡೇ ಸ್ಕೂಲ್ ಟೀಚರ್‌ಗಳು ದಯವಿಟ್ಟು ಇದನ್ನು ಅನುಸರಿಸಬೇಡಿ.) ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಧರ್ಮೋಪದೇಶಕಾಂಡ 6. ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಹೇಳಿಕೊಡಿ ಅನ್ನುತ್ತದೆ. ನಮ್ಮಲ್ಲಿ ಅದು ಶಾಲೆಗೆ ಹೋಗುವ ಕಾರಿನಲ್ಲಿ ನಡೆಯುತ್ತದೆ. ಊಟದ ಪ್ರಾರ್ಥನೆ ಕನ್ನಡದಲ್ಲಿ, 23ನೇ ಕೀರ್ತನೆ ವಿಡಿಯೋ ಕಾಲ್‌ನಲ್ಲಿ ಅಜ್ಜಿಯ ಎದುರಿಗೆ ಬಾಯಿಪಾಠ. ಚರ್ಚಿನ ಪ್ರಸಂಗವನ್ನು ಇಂಗ್ಲಿಷಿನಲ್ಲೇ ಕೇಳಲಿ ಬಿಡಿ. ಅರ್ಥವಾಗದ ಕನ್ನಡ ಪ್ರಸಂಗಕ್ಕೆ ಕೂರಿಸಿದರೆ ಹುಡುಗರು ದೇವರನ್ನೂ ಕನ್ನಡವನ್ನೂ ಒಟ್ಟಿಗೇ ಬಿಡುತ್ತಾರೆ.

ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಅನ್ನುವುದಕ್ಕೆ ಅದೇ ಬಾಬೆಲಿಗೆ ಸೆರೆ ಹೋದ ದಾನಿಯೇಲ ಇದ್ದಾನೆ. ಅಲ್ಲಿನ ಕಸ್ದೀಯರ ಭಾಷೆ ಕಲಿತ, ಬೇಲ್ತೆಶಚ್ಚರ ಅನ್ನುವ ಹೆಸರನ್ನೂ ಹೊತ್ತ, ರಾಜನ ಊಟಕ್ಕೆ ಮಾತ್ರ ಒಲ್ಲೆ ಅಂದ. ಅದೂ ಜಗಳ ಮಾಡಿ ಅಲ್ಲ, ಹತ್ತು ದಿನ ಪರೀಕ್ಷೆ ಮಾಡಿ ನೋಡಿ ಅಂತ ವಿನಯದಿಂದ. ಮಗನ ಹೆಸರನ್ನು ಶಾಲೆಯಲ್ಲಿ ಮೊಟಕು ಮಾಡಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಭಾನುವಾರ ಬೆಳಗ್ಗೆ ಸಾಕರ್ ಮ್ಯಾಚ್ ಅಂದರೆ ನಮ್ಮ ಮನೆಯಲ್ಲಿ ಇಲ್ಲ. 

ಇನ್ನು ಕೇಳಿದ ಬ್ರದರ್‌ಗೆ. ಊರಲ್ಲಿ ತಂದೆತಾಯಿಯನ್ನು ನೋಡಿಕೊಳ್ಳಲು ಯಾರೂ ಇಲ್ಲದಿದ್ದರೆ ವಿಷಯ ಬೇರೆ. ದೇವರ ಹೆಸರು ಹೇಳಿ ಅಪ್ಪ ಅಮ್ಮನ ಜವಾಬ್ದಾರಿ ತಪ್ಪಿಸಿಕೊಳ್ಳುವುದನ್ನು ಯೇಸು ಮಾರ್ಕ 7ರಲ್ಲಿ ಖಂಡಿಸಿದ್ದಾರೆ. ಹಾಗಿದ್ದರೆ ತಿಂಗಳು, ವರ್ಷ ಗೊತ್ತುಮಾಡಿ ಹೊರಡಿ, ಮಗಳಿಗೂ ಈಗಲೇ ಹೇಳಿ. ಹಾಗಿಲ್ಲದಿದ್ದರೆ ಮನೆಯ ನಿರ್ಧಾರ ವೀಸಾ ನೋಡಿಕೊಂಡು ನಿಧಾನಕ್ಕೆ ಆಗಲಿ. ಮಗಳು ಏನು ಕಲಿಯಬೇಕು ಅಂತಿದ್ದಾಳೋ ಅದಕ್ಕೆ ಮಾತ್ರ ಈ ವಾರವೇ ಸೇರಿಸಿ.