ಐಷಾರಾಮಿ ಕಾರಿಗೆ ಈಗಲೂ ದೊಡ್ಡ ಎಂಜಿನ್ ಬೇಕಾ?

ಪ್ರಶ್ನೆ: 2 ಲೀಟರ್ ಟರ್ಬೊ (ಒಳಗೆ ಹೆಚ್ಚು ಗಾಳಿ ತುಂಬುವ) ಎಂಜಿನ್ನೇ ಈಗ ಹಳೆಯ ವಿ8ಗಳಷ್ಟು, ಅಂದರೆ ಎಂಟು ಸಿಲಿಂಡರ್ ಎಂಜಿನ್‌ಗಳಷ್ಟು, ಪವರ್ ಕೊಡುತ್ತದೆ. ಹಾಗಿದ್ದೂ ದೊಡ್ಡ ಎಂಜಿನ್‌ಗೆ ದುಡ್ಡು ಸುರಿಯುವುದು ಸುಮ್ನೆ ಪ್ರತಿಷ್ಠೆಗಾ?

ಉತ್ತರ 1: ಅಂಕಿ ನೋಡಿದರೆ ನಿಮ್ಮ ಮಾತು ಸರಿ. ಮರ್ಸಿಡಿಸ್-ಎಎಂಜಿ ಸಿ63ರಲ್ಲಿ 4 ಲೀಟರ್ ವಿ8 ತೆಗೆದು, 2 ಲೀಟರ್ ಟರ್ಬೊ ಜೊತೆ ಹೈಬ್ರಿಡ್ ಮೋಟರ್ ಹಾಕಿದರು. ಪವರ್ 680 ಪಿಎಸ್‌ಗೆ (ಅಶ್ವಶಕ್ತಿಯ ಅಳತೆ) ಏರಿತು. ತೂಕವೂ 2 ಟನ್ ದಾಟಿತು!

ಉತ್ತರ 2: ಎಂಜಿನ್ ಬಿಚ್ಚಿ ಜೋಡಿಸುವುದೇ ನನ್ನ ಕೆಲಸ. ನಾನು ಲೀಟರ್ ನೋಡುವುದಿಲ್ಲ, ಸಿಲಿಂಡರ್ ಎಣಿಸುತ್ತೇನೆ. ನಾಲ್ಕು ಸಿಲಿಂಡರ್ ಎಂಜಿನ್ ಹುಟ್ಟಾ ನಡುಗುತ್ತದೆ. ಅದನ್ನು ಅಡಗಿಸಲು ಬ್ಯಾಲೆನ್ಸ್ ಶಾಫ್ಟ್ (ಎದುರು ನಡುಕ ಹುಟ್ಟಿಸಿ ಸರಿದೂಗಿಸುವ ದಂಡ) ಬೇಕು. ಸಾಲಾಗಿ ಆರು ಸಿಲಿಂಡರ್ ಇದ್ದರೆ ಆ ನಡುಕ ತಾನೇ ಹೊಂದಿಕೊಂಡು ಹೋಗುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಸ್ಟಿಯರಿಂಗ್ ಮೇಲೆ ಬೆರಳಿಡಿ, ಗೊತ್ತಾಗುತ್ತದೆ. ಇನ್ನು ದೊಡ್ಡದಾ, ಟರ್ಬೊನಾ ಅಂತ ಜಗಳ ಯಾಕೆ? ರೋಲ್ಸ್-ರಾಯ್ಸ್ ಫ್ಯಾಂಟಮ್‌ನಲ್ಲಿ ಎರಡೂ ಇವೆಯಲ್ಲ! 6.75 ಲೀಟರ್ ವಿ12, ಅದಕ್ಕೆ ಎರಡು ಟರ್ಬೊ. 1,700 ಆರ್‌ಪಿಎಂಗೇ (ನಿಮಿಷಕ್ಕೆ ಎಂಜಿನ್ ಸುತ್ತು) 900 ನ್ಯೂಟನ್-ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಎಂಜಿನ್ ಏದುಸಿರು ಬಿಡುವುದೇ ಇಲ್ಲ. ನನಗಂತೂ 3 ಲೀಟರ್, ಆರು ಸಿಲಿಂಡರ್, ಟರ್ಬೊ ಸಾಕು.

ಉತ್ತರ 3: ಭಾರದ ಕಾರಿಗೆ ಚಿಕ್ಕ ಟರ್ಬೊ ಎಂಜಿನ್ ಹಾಕಿ ಜೋರಾಗಿ ಓಡಿಸಿದರೆ ಮೈಲೇಜ್ ಲಾಭವೂ ಕರಗುತ್ತದೆ, ಅಲ್ವಾ?

ಉತ್ತರ 2: ಹೌದು. ನಿಧಾನಕ್ಕೆ ಓಡಿಸುವವರಿಗೆ ಮಾತ್ರ ಅದು ಉಳಿತಾಯ.