ಫೋನ್ ನೀರಿಗೆ ಬಿದ್ದು ಮೂರು ದಿನ, ಆನ್ ಆಗುತ್ತಿಲ್ಲ. ಒಳಗಿನ ಲೆಕ್ಕ ಬೇಕೇ ಬೇಕು

ಬಾಯಾರು ಸುರಂಗ (ಬುಧವಾರ ರಾತ್ರಿ)

ಮೂರು ದಿನದಿಂದ ನಿದ್ದೆ ಇಲ್ಲ, ಯಾರಾದರೂ ದಾರಿ ಹೇಳಿ. ಭಾನುವಾರ ಬೆಳಿಗ್ಗೆ ಬಗ್ಗಿದಾಗ ಅಂಗಿಯ ಜೇಬಿನಿಂದ ಫೋನ್ ಜಾರಿ ಡ್ರಮ್ಮಿಗೆ ಬಿತ್ತು. ಕೈ ಹಾಕಿ ಹುಡುಕಿ ತೆಗೆಯುವಾಗ ಅರ್ಧ ನಿಮಿಷ ಆಗಿರಬಹುದು. ಪರದೆ ಉರಿಯುತ್ತಲೇ ಇತ್ತು. ಒರೆಸಿ ಜಗಲಿಯಲ್ಲಿ ಇಟ್ಟೆ. ಹತ್ತು ನಿಮಿಷ ಕಳೆದು ತಾನಾಗಿ ಆರಿತು. ರಾತ್ರಿ ಚಾರ್ಜಿಗೆ ಹಾಕಿದೆ. ಕೆಳಗಿನ ಭಾಗ ಬಿಸಿಯಾಯಿತು, ಹೆದರಿ ತೆಗೆದೆ. ಆಮೇಲೆ ಎರಡು ರಾತ್ರಿ ಅಕ್ಕಿಯಲ್ಲಿ ಇಟ್ಟೆ. ಈಗ ಎಂತ ಮಾಡಿದರೂ ಆನ್ ಆಗುವುದಿಲ್ಲ.

ಫೋನ್ ಹೋದರೆ ಹೋಗಲಿ. ಅದರೊಳಗೆ ನಮ್ಮ ಮೂರು ಸುರಂಗಗಳ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಿಲಗಳ, ಲೆಕ್ಕ ಉಂಟು. 2019ರ ಜನವರಿಯಿಂದ ಪ್ರತಿ ಭಾನುವಾರ, 10 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ಬರೆದಿಟ್ಟಿದ್ದೇನೆ. ತಿಂಗಳಿಗೊಂದು ಪುಟ. ಗುಡ್ಡದ ಮೇಲೆ ಕೊಳವೆ ಬಾವಿ ಕೊರೆದ ನಂತರ ನೀರು ಎಷ್ಟು ಇಳಿಯಿತು ಅಂತ ತೋರಿಸಲು ನಮ್ಮ ಹತ್ತಿರ ಬೇರೆ ಏನೂ ಇಲ್ಲ. ಆ ಆಪ್ ಫೋನಿನಲ್ಲೇ ಉಳಿಸುವಂಥದ್ದು, ಡ್ರೈವಿಗೆ ಹೋಗುವುದಿಲ್ಲ. ಫೋನಿನ ಫೋಟೊ ಹಾಕಿದ್ದೇನೆ. ತಗೊಂಡು ಮೂರು ವರ್ಷ ಆಯಿತು.

ಉಪ್ಪಳ ಗಾಳಿ

ಎರಡು ರಾತ್ರಿ ಸಾಲದು ಅಕ್ಕ. ನನ್ನ ಭಾವನ ಫೋನ್ ಬಾವಿಕಟ್ಟೆಯಿಂದ ಬಕೆಟ್‌ಗೆ ಬಿದ್ದಿತ್ತು. ಐದು ದಿನ ಅಕ್ಕಿಯಲ್ಲಿ ಹೂತಿಟ್ಟೆವು. ಇವತ್ತಿಗೂ ಅದೇ ಫೋನ್.

ಸೋಲ್ಡರ್ ಕಾಸರಗೋಡು

ಅಕ್ಕಿಯಿಂದ ಮೊದಲು ಹೊರಗೆ ತೆಗೆಯಿರಿ. ಅಕ್ಕಿ ಹೊರಗಿನ ತೇವ ಸ್ವಲ್ಪ ಎಳೆಯಬಹುದು. ಬೋರ್ಡಿನ ಚಿಪ್ ಅಡಿಯಲ್ಲಿ ಕೂತ ನೀರನ್ನು ಅದು ಮುಟ್ಟುವುದೇ ಇಲ್ಲ. ಹುಡಿ ಹೋಗಿ ಚಾರ್ಜಿಂಗ್ ಪೋರ್ಟಿನಲ್ಲಿ ಕೂರುತ್ತದೆ. ಅಕ್ಕಿಗೆ ಹಾಕಬೇಡಿ ಅಂತ ಆಪಲ್ ಕಂಪೆನಿಯೇ ತನ್ನ ಸಹಾಯ ಪುಟದಲ್ಲಿ ಬರೆದಿದೆ. ಅದೂ ನಮ್ಮ ಊರಿನಲ್ಲಿ, ಈ ಜೂನ್ ತಿಂಗಳಿನಲ್ಲಿ! ಡಬ್ಬದಲ್ಲಿಟ್ಟ ಹಪ್ಪಳವೇ ಮೆದುವಾಗುವ ಹವೆ. ಅಕ್ಕಿಯೂ ತೇವವೇ.

ಈಗ ಮೂರು ಮಾತು. ಮತ್ತೆ ಚಾರ್ಜಿಗೆ ಹಾಕಬೇಡಿ. ಪವರ್ ಬಟನ್ ಒತ್ತುತ್ತಾ ಇರಬೇಡಿ. ಮತ್ತೆ, ಬಿದ್ದದ್ದು ಯಾವ ನೀರಿಗೆ? ಬಾವಿ, ಹೊಳೆ, ಕಡಲು? ಇದನ್ನು ಸರಿಯಾಗಿ ಹೇಳಿ. ನೀರಿಗಿಂತ ಜಾಸ್ತಿ ಹಾಳು ಮಾಡುವುದು ನೀರಿನಲ್ಲಿ ಕರಗಿದ ಉಪ್ಪು. ಬ್ಯಾಟರಿ ಒಳಗೇ ಇರುವಾಗ ಬೋರ್ಡಿನಲ್ಲಿ ಸುಮಾರು 4 ವೋಲ್ಟ್ ಯಾವಾಗಲೂ ಇರುತ್ತದೆ. ಉಪ್ಪು ನೀರು ಮತ್ತು ಆ 4 ವೋಲ್ಟ್ ಸೇರಿ ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತವೆ.

ಬಾಯಾರು ಸುರಂಗ

ಸುರಂಗದ ನೀರೇ. ನಾವು ಕುಡಿಯುವುದು ಅದನ್ನೇ. ಉಪ್ಪು ಎಲ್ಲ ಇಲ್ಲ.

ಹೊಸೂರು ಸರ್ಕ್ಯೂಟ್

ಒಳ್ಳೆ ನೀರು, ಅರ್ಧ ನಿಮಿಷ ಅಂದರೆ ಬೋರ್ಡ್ ಸಾಯುವುದಿಲ್ಲ. ಇದು ಡಿಸ್‌ಪ್ಲೇ ಸಮಸ್ಯೆ. ಡಿಸ್‌ಪ್ಲೇ ಕನೆಕ್ಟರಿನಲ್ಲಿ ನೀರು ನಿಂತಿದೆ, ಫೋನ್ ಒಳಗೆ ಜೀವಂತ ಇದೆ. ಬೇರೆ ಫೋನಿನಿಂದ ಕರೆ ಮಾಡಿ, ರಿಂಗ್ ಆಗುತ್ತಾ ನೋಡಿ.

ಬಾಯಾರು ಸುರಂಗ

ಸಿಮ್ ಭಾನುವಾರವೇ ತೆಗೆದು ಅಪ್ಪನ ಫೋನಿಗೆ ಹಾಕಿದ್ದೇನೆ. ಬ್ಯಾಂಕಿನ ಓಟಿಪಿ ಬರಬೇಕಲ್ಲ.

ಹೊಸೂರು ಸರ್ಕ್ಯೂಟ್

ಹಾಗಾದರೆ ಪವರ್ ಮತ್ತು ವಾಲ್ಯೂಮ್ ಕೆಳಗಿನ ಬಟನ್ 20 ಸೆಕೆಂಡ್ ಒಟ್ಟಿಗೆ ಒತ್ತಿ. ಕೈಗೆ ನಡುಕ ಸಿಗಬೇಕು. ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಸದ್ದು ಬರುತ್ತಾ ಕೇಳಿ.

ಸೋಲ್ಡರ್ ಕಾಸರಗೋಡು

ಲ್ಯಾಪ್‌ಟಾಪಿಗೆ ಸಿಕ್ಕಿಸಬೇಡಿ! ಅಲ್ಲಿಂದಲೂ 5 ವೋಲ್ಟ್ ಹೋಗುತ್ತದೆ. ಈಗಷ್ಟೇ ಬರೆದೆನಲ್ಲ.

ಬಾಯಾರು ಸುರಂಗ

ಸಿಕ್ಕಿಸಿ ಆಯಿತು. ಸದ್ದು ಬರಲಿಲ್ಲ, ನಡುಕವೂ ಇಲ್ಲ.

ಹೊಸೂರು ಸರ್ಕ್ಯೂಟ್

ನಡುಗುವ ಮೋಟಾರ್ ಕೂಡ ಕೆಟ್ಟಿರಬಹುದು. ನನಗೆ ಈಗಲೂ ಡಿಸ್‌ಪ್ಲೇ ಮೇಲೆಯೇ ಅನುಮಾನ. ಇಂಥ ಎಂಟು ಹತ್ತು ಫೋನ್ ನೋಡಿದ್ದೇನೆ, ಎಲ್ಲದರಲ್ಲೂ ಡಿಸ್‌ಪ್ಲೇ ಹಾಕಿದ ಮೇಲೆ ಸರಿಯಾಯಿತು.

ಪೆರ್ಲದವ

ಫೋನಿಗೆ ಮೂರು ವರ್ಷ, ಲೆಕ್ಕ 2019ರದ್ದು. ಹಾಗಾದರೆ ಹಳೆ ಫೋನ್ ಎಲ್ಲಿ?

ಉಪ್ಪಳ ಗಾಳಿ

ಅಕ್ಕಿ ಪ್ರಯೋಜನ ಇಲ್ಲ ಅನ್ನುವವರು ನನ್ನ ಭಾವನ ಫೋನಿಗೆ ಏನು ಹೇಳುತ್ತೀರಿ?

ಸೋಲ್ಡರ್ ಕಾಸರಗೋಡು

ಐದು ದಿನ ಫ್ಯಾನಿನ ಕೆಳಗೆ ಇಟ್ಟಿದ್ದರೂ ಅದು ಉಳಿಯುತ್ತಿತ್ತು ಅಂತ ಹೇಳುತ್ತೇನೆ. ಉಳಿಸಿದ್ದು ಅಕ್ಕಿ ಅಲ್ಲ, ಆ ಐದು ದಿನ ಚಾರ್ಜಿಗೆ ಹಾಕದೆ ಇದ್ದದ್ದು.

ಬಾಯಾರು ಅಕ್ಕ, ನಿಮ್ಮ ಮಾದರಿಯ ಹಿಂಬದಿ ಪ್ಲಾಸ್ಟಿಕ್, ಅಂಟು ಮಾತ್ರ. ಹೇರ್ ಡ್ರೈಯರ್ ಗಾಳಿಯನ್ನು ಅಂಚಿಗೆ ಮಾತ್ರ ಬಿಡಿ, ಒಂದೇ ಕಡೆ ನಿಲ್ಲಿಸಬೇಡಿ. ಅಂಟು ಮೆತ್ತಗಾದ ಮೇಲೆ ಹಳೆ ಎಟಿಎಂ ಕಾರ್ಡ್ ತೂರಿಸಿ ಸುತ್ತ ಬಿಡಿಸಿ. ಚೂರಿ ಬೇಡ, ಬ್ಯಾಟರಿಗೆ ತಾಗಿದರೆ ಬೆಂಕಿ. ಸ್ಕ್ರೂ ಬಿಚ್ಚಿ ಮೊದಲು ಬ್ಯಾಟರಿ ಕನೆಕ್ಟರ್ ಎತ್ತಿಬಿಡಿ. ಆಮೇಲೆ ಫೋಟೊ ಹಾಕಿ.

ಬಾಯಾರು ಸುರಂಗ (ಗುರುವಾರ ಮಧ್ಯಾಹ್ನ)

ಬಿಚ್ಚಿದೆ. ಕನೆಕ್ಟರ್ ಎತ್ತಿದೆ. ಕೆಳಗಿನ ಬೋರ್ಡಿನಲ್ಲಿ ತಿಳಿ ನೀಲಿ ಹುಡಿ ಕಟ್ಟಿದೆ. ನಾಲ್ಕು ಸ್ಕ್ರೂ ತಲೆ ಮತ್ತು ಒಂದು ಸಣ್ಣ ತಗಡು ಕೆಂಪಾಗಿವೆ. ಫೋಟೊ ನೋಡಿ.

ಅಕ್ಕಲಕೋಟೆ ಬೆಂಚ್

ಕೆಂಪು ಅಂದರೆ ತುಕ್ಕು. ನಾಲ್ಕು ದಿನದಲ್ಲಿ ಇಷ್ಟು ತುಕ್ಕು ಹಿಡಿಯುವುದಿಲ್ಲ. ಈ ಫೋನಿಗೆ ಮೊದಲೇ ಯಾವಾಗಲೋ ನೀರು ಹೋಗಿದೆ. ಮಳೆಯಲ್ಲಿ ನೆನೆದಿತ್ತಾ ನೆನಪು ಮಾಡಿಕೊಳ್ಳಿ. ನನ್ನ ಬೆಂಚಿಗೆ ಬಂದಿದ್ದರೆ ಮೈಕ್ರೋಸ್ಕೋಪ್ ಕೆಳಗೆ ಐದು ನಿಮಿಷದಲ್ಲಿ ಹೇಳುತ್ತಿದ್ದೆ. ಹೋದ ತಿಂಗಳು ಹೊಸ ಹಾಟ್ ಏರ್ ಸ್ಟೇಷನ್ ಕೂಡ ಹಾಕಿಸಿದ್ದೇನೆ, ಪಕ್ಕದಲ್ಲಿ ಬೋರ್ಡಿಗೆ ಕರೆಂಟ್ ಕೊಡುವ 30 ವೋಲ್ಟ್ 5 ಆಂಪಿಯರ್ ಸಪ್ಲೈ. ಫೋಟೊ ಹಾಕಿದ್ದೇನೆ.

ಹೊಸೂರು ಸರ್ಕ್ಯೂಟ್

ಬೆಂಚ್ ಚೆನ್ನಾಗಿದೆ ಅಣ್ಣ. ಆ ಸಪ್ಲೈ ಎಲ್ಲಿ ಸಿಕ್ಕಿತು? ನನ್ನದು 3 ಆಂಪಿಯರ್, ಸಾಲುವುದಿಲ್ಲ.

ಬಾಯಾರು ಸುರಂಗ

ಮೊದಲು ಯಾವತ್ತೂ ನೀರು ತಾಗಿಲ್ಲ. ದಯವಿಟ್ಟು ನನ್ನ ಫೋನಿನ ಬಗ್ಗೆ ಹೇಳಿ.

ನೀರ್ಚಾಲು ತೋಟ

ಫೋನ್ ರಿಪೇರಿ ನನಗೆ ಗೊತ್ತಿಲ್ಲ. ಆದರೆ ಆ ಕೆಂಪು ನನಗೆ ಗೊತ್ತು. ಅದು ತುಕ್ಕು ಅಲ್ಲ, ತಾಮ್ರ. ತೋಟಕ್ಕೆ ಬಿಡುವ ತುತ್ತು-ಸುಣ್ಣದ ಮದ್ದು ತಯಾರಿಸುವಾಗ ಸುಣ್ಣ ಸಾಕಾಯಿತಾ ಅಂತ ನೋಡಲು ಕಬ್ಬಿಣದ ಕತ್ತಿ ಅದ್ದುತ್ತೇವಲ್ಲ? ಸುಣ್ಣ ಕಮ್ಮಿ ಇದ್ದರೆ ಕತ್ತಿಗೆ ಇದೇ ಬಣ್ಣ ಹಿಡಿಯುತ್ತದೆ. ನೀಲಿ ಹುಡಿ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಅಕ್ಕ, ಭಾನುವಾರ ನಿಮ್ಮಲ್ಲಿ ಮದ್ದು ಬಿಡುವುದಿತ್ತಾ?

ಬಾಯಾರು ಸುರಂಗ

ಹೌದು, ಅಡಿಕೆಯ ಕೊಳೆರೋಗಕ್ಕೆ ಈ ವರ್ಷದ ಮೊದಲ ಮದ್ದು. ಫೋನ್ ಬಿದ್ದದ್ದು ಮದ್ದಿನ ಡ್ರಮ್ಮಿಗೆ. ಮಳೆಗಾಲದಲ್ಲಿ ತೋಟದಲ್ಲಿ ಡ್ರಮ್ ಅಂದರೆ ಅದೇ ಅಲ್ವಾ? ನೀರು ಸುರಂಗದ್ದೇ, ಅದಕ್ಕೆ ಹಾಗೆ ಹೇಳಿದೆ.

ನೀರ್ಚಾಲು ತೋಟ

ಯಾವ ಡ್ರಮ್? ಸುಣ್ಣ ಸೇರಿಸಿ ಆಗಿತ್ತಾ?

ಬಾಯಾರು ಸುರಂಗ

ಇಲ್ಲ. ತುತ್ತು ಕರಗಿಸಿದ ಡ್ರಮ್. 50 ಲೀಟರಿಗೆ ಒಂದು ಕಿಲೋ. ಸುಣ್ಣದ್ದು ಪಕ್ಕದಲ್ಲಿ ಬೇರೆ ಇತ್ತು.

ಸೋಲ್ಡರ್ ಕಾಸರಗೋಡು

ಈಗ ಎಲ್ಲ ಸರಿ ಹೊಂದಿತು. ನೀರ್ಚಾಲಿನವರೇ, ದೊಡ್ಡ ಉಪಕಾರ ಆಯಿತು.

ಇದು ನೀರಲ್ಲ, ತಾಮ್ರ ಲೇಪಿಸುವ ದ್ರಾವಣ. ಕಬ್ಬಿಣ ಸಿಕ್ಕಲ್ಲೆಲ್ಲ ತಾಮ್ರ ಕೂತಿದೆ. ಚಾರ್ಜಿಗೆ ಹಾಕಿದಾಗ ಕರೆಂಟಿನ ಜೊತೆ ಇನ್ನೂ ಕೂತಿದೆ, ಗೆರೆಯಿಂದ ಗೆರೆಗೆ ಸೇತುವೆ ಕಟ್ಟಿ ಶಾರ್ಟ್ ಮಾಡಿದೆ. ಬಿಸಿಯಾದದ್ದು ಅದಕ್ಕೇ. ಹೊಸೂರಿನವರೇ, ಡಿಸ್‌ಪ್ಲೇ ಮಾತು ಇಲ್ಲಿಗೆ ಬಿಡೋಣ.

ನಾನು ಹೇಳಬೇಕೆಂದಿದ್ದ ಕ್ರಮವೂ ಬದಲಾಗುತ್ತದೆ. ಸಾಮಾನ್ಯವಾಗಿ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆಯಿರಿ ಅನ್ನುತ್ತೇವೆ. ಮೈಲುತುತ್ತು ಅದರಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಅದಕ್ಕೇ ಮೊದಲು ಡಿಸ್ಟಿಲ್ಡ್ ವಾಟರ್, ಇನ್ವರ್ಟರ್ ಬ್ಯಾಟರಿಗೆ ಹಾಕುತ್ತೇವಲ್ಲ, ಅದು. ಬ್ಯಾಟರಿ, ಪರದೆ, ಕ್ಯಾಮೆರಾ ಬೇರೆ ಇಟ್ಟು ಬೋರ್ಡ್ ಮಾತ್ರ ಅದರಲ್ಲಿ ಮುಳುಗಿಸಿ, ಮೆತ್ತಗಿನ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ. ನೀರು ಬದಲಿಸಿ ಮೂರು ಸಲ. ಆಮೇಲೆ 99 ಶೇಕಡಾ ಐಸೋಪ್ರೊಪೈಲ್, ಒಳಗಿನ ನೀರನ್ನು ಎಳೆದು ತೆಗೆಯಲು. 70 ಶೇಕಡಾದ್ದು ಬೇಡ, ಉಳಿದ 30 ನೀರೇ. ಸ್ಯಾನಿಟೈಸರ್ ಅಂತೂ ಬೇಡವೇ ಬೇಡ, ಗ್ಲಿಸರಿನ್ ಅಂಟಿಕೊಳ್ಳುತ್ತದೆ.

ಮುಳ್ಳೇರಿಯ 72

ಮದ್ದಿನ ಮಾತು ಬಂದದ್ದಕ್ಕೆ ಕೇಳುತ್ತೇನೆ. ತುತ್ತನ್ನು ಸುಣ್ಣಕ್ಕೆ ಸುರಿಯಬೇಕೋ, ಸುಣ್ಣವನ್ನು ತುತ್ತಿಗೋ? ನಮ್ಮಲ್ಲಿ ತುತ್ತಿಗೇ ಸುಣ್ಣ.

ನೀರ್ಚಾಲು ತೋಟ

ತುತ್ತನ್ನು ಸುಣ್ಣಕ್ಕೆ, ತಿರುಗಿಸುತ್ತಾ. ಉಲ್ಟಾ ಮಾಡಿದರೆ ಬೇಗ ತಳಕ್ಕೆ ಕೂರುತ್ತದೆ, ಗೊನೆಗೆ ಅಂಟುವುದಿಲ್ಲ.

ಮುಳ್ಳೇರಿಯ 72

ನಮ್ಮ ಅಪ್ಪನ ಕಾಲದಿಂದ ಹೀಗೇ ಮಾಡುತ್ತಿದ್ದೇವೆ, ಕೊಳೆ ಬಂದದ್ದಿಲ್ಲ. ಈಗ ಮದ್ದು ಬಿಡಲು ಕಾರ್ಬನ್ ಫೈಬರಿನ ಉದ್ದ ಕೋಲು, ದೋಟಿ, ತಂದಿದ್ದೇನೆ, 70 ಅಡಿ. ಮರ ಹತ್ತುವವರಿಗೆ ಕಾಯುವ ಕೆಲಸವೇ ಇಲ್ಲ. ನೆಲದಲ್ಲಿ ನಿಂತೇ ಎಲ್ಲ ಗೊನೆಗೆ ಬಿಡುತ್ತೇನೆ.

ಉಪ್ಪಳ ಗಾಳಿ

70 ಅಡಿ ಎತ್ತಿ ಹಿಡಿದರೆ ಭುಜ ನೋಯುವುದಿಲ್ಲವಾ? ನಾನು 60ರದ್ದು ನೋಡಿ ಬಂದಿದ್ದೇನೆ.

ಸೋಲ್ಡರ್ ಕಾಸರಗೋಡು

ದೋಟಿಗೆ ಬೇರೆ ಚರ್ಚೆ ತೆರೆಯಿರಿ ಮಾರಾಯ್ರೇ. ಇಲ್ಲಿ ಒಬ್ಬರ ಆರು ವರ್ಷದ ಕೆಲಸ ಬೋರ್ಡಿನಲ್ಲಿ ಸಿಕ್ಕಿಕೊಂಡಿದೆ.

ಹೊಸೂರು ಸರ್ಕ್ಯೂಟ್

ಬೋರ್ಡ್ ಬಿಟ್ಟುಬಿಡಿ. ಮೆಮೊರಿ ಚಿಪ್ ಒಂದೇ ಬಿಡಿಸಿ ರೀಡರಿನಲ್ಲಿ ಓದಿದರೆ ಆಯಿತಲ್ಲ?

ಸೋಲ್ಡರ್ ಕಾಸರಗೋಡು

ಹಳೆ ಫೋನುಗಳಲ್ಲಿ ಆಗುತ್ತಿತ್ತು. ಆಂಡ್ರಾಯ್ಡ್ 10ರಿಂದ ಈಚೆಗೆ ಬಂದ ಹೊಸ ಫೋನುಗಳಲ್ಲಿ ಒಳಗಿನದೆಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿ ಇಲ್ಲದೆ ಓದಲು ಆಗದ ಹಾಗೆ. ಅದರ ಕೀಲಿ ಅದೇ ಬೋರ್ಡಿನ ಪ್ರೊಸೆಸರಿಗೆ ಕಟ್ಟಿಕೊಂಡಿದೆ. ಚಿಪ್ ಮಾತ್ರ ತೆಗೆದರೆ ಕೈಗೆ ಸಿಗುವುದು ಅರ್ಥವಿಲ್ಲದ ಅಂಕೆಗಳು. ಅದೇ ಬೋರ್ಡ್ ಎದ್ದು ನಿಲ್ಲಬೇಕು, ಪರದೆಯ ಲಾಕ್ ತೆರೆಯಬೇಕು. ಬೇರೆ ದಾರಿ ಇಲ್ಲ.

ಬಾಯಾರು ಸುರಂಗ (ಶುಕ್ರವಾರ ರಾತ್ರಿ)

ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದೆ. ಮೊದಲ ಸಲ ನೀರು ನೀಲಿಯಾಯಿತು, ಮೂರನೆಯ ಸಲ ತಿಳಿ. ಐಸೋಪ್ರೊಪೈಲ್ ಹುಡುಕಿ ಪೇಟೆಗೆ ಹೋದಾಗ ಒಂದು ಮೊಬೈಲ್ ಅಂಗಡಿಯಲ್ಲಿ ಬೋರ್ಡ್ ತೋರಿಸಿದೆ. ಕೈಯಲ್ಲಿ ಹಿಡಿದೂ ನೋಡಲಿಲ್ಲ. ಬೋರ್ಡ್ ಸತ್ತಿದೆ, ಹೊಸ ಫೋನ್ ತಗೊಳ್ಳಿ ಅಂದರು. ಬಸ್ಸಿನಲ್ಲಿ ಬರುವಾಗ ಅಳು ಬಂತು.

ಪಕ್ಕದ ಮನೆಯ ವೈರಿಂಗ್ ಅಣ್ಣನ ಹತ್ತಿರ ಮಲ್ಟಿಮೀಟರ್ ಉಂಟು. ಎಂತ ನೋಡಬೇಕು ಹೇಳಿ.

ಸೋಲ್ಡರ್ ಕಾಸರಗೋಡು

ಬೀಪ್ ಬರುವ ಸ್ಥಾನಕ್ಕೆ ತಿರುಗಿಸಿ. ಬ್ಯಾಟರಿ ಸಿಕ್ಕಿಸಬೇಡಿ. ಬೋರ್ಡಿನ ಕಡೆಯ ಬ್ಯಾಟರಿ ಕನೆಕ್ಟರಿನ ಪ್ಲಸ್ಸಿಗೆ ಒಂದು ಕಡ್ಡಿ, ಯಾವುದಾದರೂ ಸ್ಕ್ರೂ ತೂತಿನ ಲೋಹಕ್ಕೆ ಇನ್ನೊಂದು. ಬೀಪ್ ಬಂದರೆ ಶಾರ್ಟ್.

ಬಾಯಾರು ಸುರಂಗ

ಬೀಪ್ ಬರುತ್ತದೆ. ನಿಲ್ಲುವುದೇ ಇಲ್ಲ.

ಸೋಲ್ಡರ್ ಕಾಸರಗೋಡು

ಹಾಗಾದರೆ ನಾಳೆ ಬೋರ್ಡ್, ಪರದೆ ಎರಡೂ ಹಿಡಿದುಕೊಂಡು ಕಾಸರಗೋಡಿಗೆ ಬನ್ನಿ. ವಿಳಾಸ ಖಾಸಗಿ ಸಂದೇಶದಲ್ಲಿ ಹಾಕಿದ್ದೇನೆ. ಶಾರ್ಟ್ ಇದೆ ಅಂದರೆ ಹುಡುಕಬಹುದು. ಅಲ್ಟ್ರಾಸಾನಿಕ್ ತೊಳೆಯುವ ಯಂತ್ರ ಉಂಟು, ಚಿಪ್ ಮುಚ್ಚುವ ತಗಡಿನ (ಶೀಲ್ಡ್) ಅಡಿಯದ್ದನ್ನೂ ತೊಳೆಯೋಣ.

ಸೋಲ್ಡರ್ ಕಾಸರಗೋಡು (ಶನಿವಾರ ಸಂಜೆ)

ಎಲ್ಲರಿಗೂ ತಿಳಿಸುತ್ತೇನೆ. ತೊಳೆದು ಒಣಗಿಸಿ, ಸಪ್ಲೈಯಿಂದ 1 ವೋಲ್ಟ್ ಕೊಟ್ಟೆ. ಬೋರ್ಡಿನ ಮೇಲೆ ಐಸೋಪ್ರೊಪೈಲ್ ಸವರಿ ನೋಡಿದರೆ ಚಾರ್ಜಿಂಗ್ ಐಸಿ (ಚಿಪ್) ಪಕ್ಕ ಒಂದೇ ಕಡೆ ಬೇಗ ಒಣಗಿತು. ಬಿಸಿಯಾಗುತ್ತಿದ್ದದ್ದು ಅಲ್ಲಿನ ಒಂದು ಕೆಪಾಸಿಟರ್. ತೆಗೆದೆ, ಶಾರ್ಟ್ ಹೋಯಿತು. ಅಕ್ಕನ ಪರದೆಯನ್ನೇ ಸಿಕ್ಕಿಸಿ 4 ವೋಲ್ಟ್ ಕೊಟ್ಟಾಗ ಫೋನ್ ಎದ್ದಿತು. ಪರದೆ ಸರಿಯಾಗಿಯೇ ಇತ್ತು. ಯುಎಸ್‌ಬಿ ಇರುವ ಕೆಳಗಿನ ಬೋರ್ಡನ್ನು ತುತ್ತು ಪೂರ್ತಿ ತಿಂದಿದೆ. ವೈಫೈ ಕೂಡ ಆನ್ ಆಗಲಿಲ್ಲ.

ಬಾಯಾರು ಸುರಂಗ

ಎದ್ದಾಗ ನನ್ನ ಕೈ ನಡುಗುತ್ತಿತ್ತು, ಪಾಸ್‌ವರ್ಡ್ ಎರಡು ಸಲ ತಪ್ಪಾಯಿತು. ಕಾಪಿ ಮಾಡುವ ದಾರಿ ಇಲ್ಲದ್ದರಿಂದ ಅಪ್ಪನ ಫೋನಿನಲ್ಲಿ ಒಂದೊಂದೇ ಪುಟದ ಫೋಟೊ ತೆಗೆದೆ. ಹೊಸದು ಮೇಲೆ, ಹಳೆಯದು ಕೆಳಗೆ. ಈ ಜೂನಿನಿಂದ ಹಿಂದಕ್ಕೆ ಹೋಗಿ 2021ರ ಅಕ್ಟೋಬರ್ ಮುಟ್ಟುವಾಗ ಫೋನ್ ಆರಿತು. 45 ಪುಟ ಸಿಕ್ಕಿತು. ಇನ್ನು 33 ಒಳಗೇ ಉಳಿದಿದೆ. ಕೊಳವೆ ಬಾವಿ ಕೊರೆದದ್ದು 2020ರಲ್ಲಿ. ಅದಕ್ಕಿಂತ ಹಿಂದಿನದ್ದು ಇಲ್ಲದೆ ಹೋಲಿಸುವುದು ಹೇಗೆ?

ಸೋಲ್ಡರ್ ಕಾಸರಗೋಡು

ಪವರ್ ಐಸಿ ಕೆಳಗೆ ಇನ್ನೂ ತುತ್ತು ಇರಬೇಕು. ಅದನ್ನು ಎತ್ತಿ ಕೂರಿಸಬಹುದು, ಆದರೆ ಆ ಬಿಸಿಗೆ ಪಕ್ಕದ ಮೆಮೊರಿ ಹೋದರೆ ಮತ್ತೆ ಏನೂ ಉಳಿಯುವುದಿಲ್ಲ. ಅಕ್ಕ ಹೇಳದೆ ನಾನು ಮುಟ್ಟುವುದಿಲ್ಲ.

ಅಕ್ಕಲಕೋಟೆ ಬೆಂಚ್

ಎತ್ತಬೇಡಿ. ಮೆಮೊರಿ ಮೇಲೆ ಶಾಖ ತಡೆಯುವ ಟೇಪ್ ಹಾಕಿದರೂ ಭರವಸೆ ಇಲ್ಲ. ತುಕ್ಕು ಅಂತ ನಾನು ಹೇಳಿದ್ದು ತಪ್ಪು.

ಪೆರ್ಲದವ

ಬುಧವಾರವೇ ಕೇಳಿದ್ದೆ. 2019ರಲ್ಲಿ ಬರೆದ ಹಳೆ ಫೋನ್ ಎಲ್ಲಿ?

ಬಾಯಾರು ಸುರಂಗ

ಅಯ್ಯೋ, ಅದು ನನ್ನ ತಲೆಗೇ ಬರಲಿಲ್ಲ. 2022ರಲ್ಲಿ ಇದನ್ನು ತಗೊಂಡಾಗ ಎಲ್ಲ ಇದಕ್ಕೆ ಹಾಕಿ, ಅದನ್ನು ತಂಗಿಯ ಮಗನಿಗೆ ಆಡಲು ಕೊಟ್ಟಿದ್ದೆ. ರೀಸೆಟ್ ಮಾಡಿ ಕೊಟ್ಟೆನಾ, ಹಾಗೇ ಕೊಟ್ಟೆನಾ ನೆನಪಾಗುತ್ತಿಲ್ಲ. ತಂಗಿಗೆ ಈಗ ಫೋನ್ ಮಾಡಿದೆ. ಕಪಾಟಿನಲ್ಲಿ ಉಂಟಂತೆ, ಒಂದು ವರ್ಷದಿಂದ ಯಾರೂ ಮುಟ್ಟಿಲ್ಲವಂತೆ. ನಾಳೆ ಬೆಳಿಗ್ಗೆ ಬಕೆಟ್ ಲೆಕ್ಕ ಮುಗಿಸಿ ಪುತ್ತೂರಿಗೆ ಹೋಗುತ್ತೇನೆ.

ಸೋಲ್ಡರ್ ಕಾಸರಗೋಡು

ತಂಗಿಗೆ ಈಗಲೇ ಹೇಳಿ, ಚಾರ್ಜಿಗೆ ಹಾಕುವುದು ಬೇಡ. ಒಂದು ವರ್ಷ ಸುಮ್ನೆ ಬಿದ್ದಿದ್ದರೆ ಬ್ಯಾಟರಿ ಉಬ್ಬಿರಬಹುದು. ಮೇಜಿನ ಮೇಲೆ ಬೆನ್ನು ಕೆಳಗೆ ಮಾಡಿ ಇಟ್ಟು ನೋಡಿ. ಅತ್ತಿತ್ತ ಅಲುಗಾಡಿದರೆ ಉಬ್ಬಿದೆ ಅಂತ, ಹಾಗೇ ನನ್ನಲ್ಲಿಗೆ ತನ್ನಿ.